ಅರ್ಬುದ ಚಿಕಿತ್ಸೆಯ ತರುವಾಯ: ಶರೀರದ ತೊಡಕುಗಳೂ ಅವುಗಳ ಉಪಶಮನವೂ

ಕ್ಯಾನ್ಸರ್ ಎಂದು ಎಲ್ಲರೂ ಕರೆಯುವ ಅರ್ಬುದ ರೋಗವು ಒಂದು ಕಾಲಕ್ಕೆ ನಮ್ಮ ಭಾಗದಲ್ಲಿ ಹೆಸರೆತ್ತಲೂ ಅಂಜುವಂಥ ವ್ಯಾಧಿಯಾಗಿತ್ತು. ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯು ೧೯೪೧ರಲ್ಲಿ ಆರಂಭವಾಯಿತು. ಬೆಂಗಳೂರಿನ ಕಿದ್ವಾಯಿ ಸ್ಮಾರಕ ಸಂಸ್ಥೆಯು ೧೯೭೩ರಲ್ಲಿ ತಲೆಯೆತ್ತಿತು. ಹುಬ್ಬಳ್ಳಿಯ ನವನಗರದಲ್ಲಿಯೂ ಕ್ಯಾನ್ಸರ್ ಆಸ್ಪತ್ರೆಯೊಂದು ಬೆಳೆದು ಉತ್ತರ ಕರ್ನಾಟಕದ ರೋಗಿಗಳಿಗೆ ಆಸರೆಯಾಯಿತು. ಶಸ್ತ್ರಕ್ರಿಯೆ, ವಿಕಿರಣ, ಔಷಧ ಈ ಮೂರೂ ಸುಧಾರಿಸಿ, ಬೇಗನೆ ಗುರುತಿಸಲ್ಪಟ್ಟ ಅನೇಕ ಬಗೆಯ ಅರ್ಬುದಗಳು ಇಂದು ಗುಣಹೊಂದುತ್ತವೆ. ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲ ಪರಿಸರದ ಊರುಗಳಲ್ಲಿ ಚಿಕಿತ್ಸೆ ಮುಗಿಸಿ ಬಂದವರು ನಮ್ಮ ನಡುವೆಯೇ ಬಾಳುತ್ತಿದ್ದಾರೆ. ಅವರಲ್ಲಿ ಶಿಕ್ಷಕರುಂಟು, ಹಳೆಯ ವಿದ್ಯಾರ್ಥಿಗಳುಂಟು, ಮಕ್ಕಳ ತಾಯಿತಂದೆಗಳುಂಟು.

ಹೀಗೆ ಮರಳಿ ಬಂದವರನ್ನು ನೆರೆಹೊರೆಯವರು ಕೇಳುವ ಮೊದಲ ಮಾತು, "ಆರಾಮಾದಿರೇನು?" ಎಂಬುದು. ಅವರು "ಆರಾಮ" ಎನ್ನುತ್ತಾರೆ. ಮಾತು ಅಲ್ಲಿಗೇ ನಿಲ್ಲುತ್ತದೆ. ರೋಗವು ಹೋಗಿರಬಹುದು, ಆದರೆ ಬಾಯಿ ಒಣಗುತ್ತದೆ, ದವಡೆ ಬಿಗಿಯುತ್ತದೆ, ತೋಳು ಬಾಯುತ್ತದೆ, ಅಂಗಾಲು ಜೋಮುಗಟ್ಟುತ್ತದೆ, ಎಷ್ಟು ಮಲಗಿದರೂ ದಣಿವು ಆರುವುದಿಲ್ಲ. ಜೀವ ಉಳಿದದ್ದೇ ದೊಡ್ಡದು, ಇದನ್ನೆಲ್ಲ ಯಾರ ಮುಂದೆ ಹೇಳುವುದು ಎಂದು ಅನೇಕರು ಮೌನವಾಗಿ ಸಹಿಸುತ್ತಾರೆ. ಈ ಮೌನವೇ ತೊಡಕನ್ನು ಬಲಪಡಿಸುವುದು. ಇವುಗಳಲ್ಲಿ ಬಹುಪಾಲು ತೊಂದರೆಗಳಿಗೆ ಕಾರಣ ತಿಳಿದಿದೆ. ಹಲವಕ್ಕೆ ಮನೆಯಲ್ಲಿಯೇ ನಿತ್ಯ ಮಾಡಬಹುದಾದ ಉಪಶಮನವೂ ಉಂಟು. ಕೆಲವಂತೂ ಸಕಾಲದಲ್ಲಿ ಹೇಳಿದರೆ ಮಾತ್ರ ತಗ್ಗುವಂಥವು. ಈ ಸಂಗತಿಯನ್ನು ವಾಚಕರಿಗೆ ಮನಗಾಣಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ತೊಡಕುಗಳು ಏಕೆ ಉಂಟಾಗುತ್ತವೆ?

ಅರ್ಬುದವೆಂದರೆ ಶರೀರದ ಕಟ್ಟಳೆಯನ್ನು ಮೀರಿ ಬೆಳೆಯುವ ಜೀವಕೋಶಗಳ ಸಮೂಹ. ಅವುಗಳನ್ನು ನಾಶಪಡಿಸುವ ಚಿಕಿತ್ಸೆಯು ನೆರೆಯ ಒಳ್ಳೆಯ ಕೋಶಗಳನ್ನೂ ಕೆಲಮಟ್ಟಿಗೆ ಘಾಸಿಗೊಳಿಸದೆ ಇರದು. ಹೊಲದ ಕಳೆಯನ್ನು ಕಿತ್ತಾಗ ಬೆಳೆಯ ಬೇರೂ ಅಲುಗುವಂತೆ ಇದು. ಶಸ್ತ್ರಕ್ರಿಯೆಯಲ್ಲಿ ನರಗಳೂ ದುಗ್ಧಗ್ರಂಥಿಗಳೂ ಕತ್ತರಿಸಲ್ಪಡಬಹುದು. ನಮ್ಮ ಜನ "ಕರೆಂಟು ಕೊಡುವುದು" ಎನ್ನುವ ವಿಕಿರಣ ಚಿಕಿತ್ಸೆಯಲ್ಲಿ ಕಿರಣ ತಾಗಿದ ಮೃದು ಮಾಂಸವು ಕಾಲಕ್ರಮೇಣ ನಾರುಗಟ್ಟಿ ಬಿಗಿಯುತ್ತದೆ. ಕೀಮೋ ಎಂಬ ಔಷಧ ಚಿಕಿತ್ಸೆಯು ರಕ್ತದ ಮೂಲಕ ಸರ್ವಾಂಗಕ್ಕೂ ಹರಿಯುವುದರಿಂದ ನರ, ಕಿವಿ, ಮೂತ್ರಪಿಂಡ, ಹೃದಯಗಳಿಗೂ ತಾಗಬಹುದು.

ತೊಡಕುಗಳಲ್ಲಿ ಎರಡು ಬಗೆ. ವಾಂತಿ, ಕೂದಲುದುರುವಿಕೆ, ಬಾಯಿಹುಣ್ಣು ಮುಂತಾದವು ಚಿಕಿತ್ಸೆಯ ಕಾಲದಲ್ಲಿ ಬಂದು ಕೆಲವು ವಾರಗಳಲ್ಲಿಯೋ ತಿಂಗಳುಗಳಲ್ಲಿಯೋ ಇಳಿಯುತ್ತವೆ. ಇನ್ನು ಕೆಲವು ತಿಂಗಳುಗಳ, ಒಮ್ಮೊಮ್ಮೆ ವರ್ಷಗಳ ನಂತರ ತಲೆದೋರುತ್ತವೆ. ಎರಡನೆಯ ಬಗೆಯವು ಬಂದಾಗ ರೋಗವೇ ಮರುಕಳಿಸಿತೆಂದು ಮನೆಯವರು ಎದೆಗುಂದುವುದುಂಟು. ಮಾಟ ಮಂತ್ರವೆಂದು ಅಲೆಯುವುದೂ ಉಂಟು. ಎರಡೂ ಬೇಕಿಲ್ಲ, ಚಿಕಿತ್ಸೆ ಮಾಡಿದ ವೈದ್ಯರಿಗೆ ತೋರಿಸಿ ಕಾರಣವನ್ನು ಅರಿಯಬೇಕು.

ಬಾಯಿ ಮತ್ತು ದವಡೆ

ತಂಬಾಕು, ಗುಟ್ಕಾ, ಅಡಿಕೆಗಳ ದೆಸೆಯಿಂದ ಬಾಯಿ ಹಾಗೂ ಗಂಟಲಿನ ಅರ್ಬುದವು ನಮ್ಮ ಸೀಮೆಗೆ ಹೊಸತಲ್ಲ. ಇಳಕಲ್ಲಿನ ಲಿಂಗೈಕ್ಯ ಡಾ. ಮಹಾಂತ ಶಿವಯೋಗಿಗಳು ೧೯೭೫ರಲ್ಲಿ "ಮಹಾಂತ ಜೋಳಿಗೆ"ಯನ್ನು ಹಿಡಿದು ಹಣಕಾಸನ್ನು ಕೇಳದೆ ಜನರ ದುಶ್ಚಟಗಳನ್ನೇ ಭಿಕ್ಷೆ ಬೇಡಿದ್ದು ಈ ನೆಲದಲ್ಲಿಯೇ. ೨೦೧೩ರಲ್ಲಿ ರಾಜ್ಯ ಸರ್ಕಾರವು ಗುಟ್ಕಾವನ್ನು ನಿಷೇಧಿಸಿತು. ತಂಬಾಕು ಬೆರೆಸದ ಬರಿಯ ಅಡಿಕೆಯ ಅಗಿಯುವಿಕೆಯೂ ಅರ್ಬುದಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಅರ್ಬುದ ಸಂಶೋಧನಾ ವಿಭಾಗವು ೨೦೦೪ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಸಾರಿದೆ. ಚಿಕಿತ್ಸೆಯಾದ ಮೇಲೂ ಚಟವನ್ನು ಮುಂದುವರಿಸಿದವರಿಗೆ ಬಾಯಿಯ ತೊಡಕುಗಳೂ ಹೆಚ್ಚು, ಹೊಸ ಅರ್ಬುದದ ಭಯವೂ ಹೆಚ್ಚು.

ಆರೋಗ್ಯವಂತನ ಬಾಯಿಯಲ್ಲಿ ದಿನವೊಂದಕ್ಕೆ ಸುಮಾರು ಅರ್ಧದಿಂದ ಒಂದೂವರೆ ಲೀಟರಿನಷ್ಟು ಜೊಲ್ಲು ಸ್ರವಿಸುತ್ತದೆ. ಆಹಾರವನ್ನು ನೆನೆಸಿ ನುಂಗಿಸುವುದು, ರುಚಿ ತಿಳಿಸುವುದು, ಹಲ್ಲುಗಳನ್ನು ಕಾಯುವುದು ಅದರ ಕೆಲಸ. ಕೊರಳು ಮುಖಗಳಿಗೆ ಆರೇಳು ವಾರಗಳ ಕಾಲ ವಿಕಿರಣ ಕೊಟ್ಟಾಗ ಜೊಲ್ಲಿನ ಗ್ರಂಥಿಗಳು ಬಾಡುತ್ತವೆ. ಆಗ ನಮ್ಮ ಖಡಕ್ ಜೋಳದ ರೊಟ್ಟಿ ಬಾಯಲ್ಲಿ ಮರಳಿನಂತಾಗುತ್ತದೆ. ಕೆಂಪು ಚಟ್ನಿಯೂ ಗುರೆಳ್ಳಿನ ಹಿಂಡಿಯೂ ಬೆಂಕಿಯಂತಾಗುತ್ತವೆ.

ಊಟವನ್ನು ಬಿಡುವುದು ಇದಕ್ಕೆ ಪರಿಹಾರವಲ್ಲ. ಊಟದ ರೂಪವನ್ನು ಬದಲಿಸಬೇಕು. ಬಿಸಿ ರೊಟ್ಟಿಯನ್ನು ಹಾಲಿನಲ್ಲಿಯೋ ತಿಳಿ ಬೇಳೆಯ ಕಟ್ಟಿನಲ್ಲಿಯೋ ನೆನೆಸಿ ಕಿವುಚಿ ಉಣ್ಣಬಹುದು. ಜೋಳದ ನುಚ್ಚು ಮಜ್ಜಿಗೆ, ಅಂಬಲಿ, ತುಪ್ಪ ಬೆರೆಸಿದ ಮೆತ್ತನೆಯ ಅನ್ನ, ಸಜ್ಜಕ, ಹೆಸರುಬೇಳೆಯ ಗಂಜಿ ಇವೆಲ್ಲ ನಮ್ಮ ಅಡುಗೆಮನೆಯಲ್ಲಿಯೇ ಇರುವ ಔಷಧಗಳು. ಶೇಂಗಾವನ್ನು ನುಣ್ಣಗೆ ಅರೆದು ಗಂಜಿಗೆ ಕೂಡಿಸಿದರೆ ಪುಷ್ಟಿ ಹೆಚ್ಚುತ್ತದೆ. ನೀರನ್ನು ಗುಟುಕು ಗುಟುಕಾಗಿ ಮೇಲಿಂದ ಮೇಲೆ ಕುಡಿಯಬೇಕು. ಒಂದು ಲೀಟರು ಕಾಯಿಸಿ ಆರಿಸಿದ ನೀರಿಗೆ ಒಂದು ಚಹದ ಚಮಚೆ ಉಪ್ಪು, ಒಂದು ಚಮಚೆ ಅಡುಗೆ ಸೋಡಾ ಬೆರೆಸಿ, ದಿನಕ್ಕೆ ನಾಲ್ಕಾರು ಬಾರಿ ಬಾಯಿ ಮುಕ್ಕಳಿಸುವುದು ಹಿತಕರ. ನುಂಗುವಾಗ ಕೆಮ್ಮು ಬಂದರೆ, ಅನ್ನನೀರು ಶ್ವಾಸನಾಳಕ್ಕೆ ಇಳಿಯುತ್ತಿರಬಹುದೆಂದು ತಿಳಿದು ವೈದ್ಯರಲ್ಲಿಗೆ ಹೋಗಬೇಕು.

ಜೊಲ್ಲಿಲ್ಲದ ಬಾಯಿಯಲ್ಲಿ ಹಲ್ಲುಗಳು ಬೇಗನೆ ಹುಳುಕಾಗುತ್ತವೆ. ಇಲ್ಲಿ ಒಂದು ಮುಖ್ಯ ಎಚ್ಚರಿಕೆ. ವಿಕಿರಣ ತಾಗಿದ ದವಡೆಯ ಎಲುಬಿಗೆ ರಕ್ತಸಂಚಾರ ಕಡಿಮೆಯಾಗಿರುತ್ತದೆ. ಅಂಥ ದವಡೆಯ ಹಲ್ಲನ್ನು ಮುಂದಾಲೋಚನೆಯಿಲ್ಲದೆ ಕೀಳಿಸಿದರೆ ಗಾಯವು ಮಾಯದೆ ಎಲುಬೇ ಕೊಳೆಯುವ ಸಂಭವವುಂಟು. ಹತ್ತು ವರ್ಷಗಳು ಕಳೆದಿದ್ದರೂ ಈ ಅಪಾಯ ಪೂರ್ತಿ ಹೋಗುವುದಿಲ್ಲ. ಆದುದರಿಂದ ಹಲ್ಲಿನ ವೈದ್ಯರ ಕುರ್ಚಿಯಲ್ಲಿ ಕೂಡುವ ಮೊದಲೇ "ನನಗೆ ಇಲ್ಲಿ ಕರೆಂಟು ಕೊಟ್ಟಿದ್ದಾರೆ" ಎಂದು ಹೇಳತಕ್ಕದ್ದು. ಕೆಟ್ಟ ಹಲ್ಲುಗಳನ್ನು ವಿಕಿರಣಕ್ಕೆ ಮುಂಚೆಯೇ ತೆಗೆಸಿಕೊಳ್ಳುವುದೂ, ನಂತರ ಫ್ಲೋರೈಡ್ ಉಳ್ಳ ಪೇಸ್ಟಿನಿಂದ ನಿತ್ಯ ಎರಡು ಬಾರಿ ತಿಕ್ಕುವುದೂ ಕ್ಷೇಮ.

ಇನ್ನು ದವಡೆಯ ಬಿಗಿತ. ತನ್ನ ಮೂರು ಬೆರಳುಗಳನ್ನು ಒಂದರ ಮೇಲೊಂದಾಗಿ ಹಲ್ಲುಗಳ ನಡುವೆ ಇಡಲು ಬಾರದಿದ್ದರೆ ಬಾಯಿ ಮುಚ್ಚುತ್ತಿದೆಯೆಂದು ಅರ್ಥ. ಮೂವತ್ತೈದು ಮಿಲಿಮೀಟರಿಗಿಂತ ಕಡಿಮೆ ತೆರೆಯುವ ಬಾಯನ್ನು ತಜ್ಞರು ಬಿಗಿದ ದವಡೆಯೆಂದು ಎಣಿಸುತ್ತಾರೆ. ಇದಕ್ಕೆ ಅತ್ಯಂತ ಸುಲಭದ ಸಾಧನವೆಂದರೆ ಐಸ್‌ಕ್ರೀಮಿನ ಚಪ್ಪಟೆ ಕಡ್ಡಿಗಳು. ಸುಲಭವಾಗಿ ಹಿಡಿಯುವಷ್ಟು ಕಡ್ಡಿಗಳನ್ನು ಒಂದರ ಮೇಲೊಂದು ಜೋಡಿಸಿ ಹಲ್ಲುಗಳ ನಡುವೆ ಇಟ್ಟು, ಸ್ವಲ್ಪ ಹೊತ್ತು ಹಿಡಿದು ವಿಶ್ರಮಿಸಬೇಕು. ದಿನಕ್ಕೆ ಹಲವು ಸಲ ಹೀಗೆ ಮಾಡುತ್ತ, ದಿನಗಳು ಉರುಳಿದಂತೆ ಒಂದೊಂದೇ ಕಡ್ಡಿಯನ್ನು ಹೆಚ್ಚಿಸಬೇಕು. ಎಳೆತ ಕಾಣಬೇಕು, ಅಸಹ್ಯ ನೋವಾಗಬಾರದು. ಈ ಅಭ್ಯಾಸವನ್ನು ವೈದ್ಯರನ್ನು ಕೇಳಿ ಎಷ್ಟು ಬೇಗ ಆರಂಭಿಸಿದರೆ ಅಷ್ಟು ಫಲ. ಮಾಂಸವು ನಾರುಗಟ್ಟಿದ ಮೇಲೆ ಬಾಯನ್ನು ತೆರೆಸುವುದು ಕಷ್ಟ.

ಧ್ವನಿಯ ಮಾತು

ಧ್ವನಿಪೆಟ್ಟಿಗೆಯ ಅರ್ಬುದದಲ್ಲಿ ಅದನ್ನು ಪೂರ್ತಿ ತೆಗೆಯಬೇಕಾಗಿ ಬಂದಾಗ, ಕೊರಳಲ್ಲಿ ರಂಧ್ರವಿಟ್ಟು ಉಸಿರಾಟಕ್ಕೆ ದಾರಿ ಮಾಡುತ್ತಾರೆ. ಮಾತೇ ಉಪಜೀವನವಾದ ಶಿಕ್ಷಕನಿಗೂ ಕೀರ್ತನಕಾರನಿಗೂ ಇದಕ್ಕಿಂತ ದೊಡ್ಡ ಆಘಾತವಿಲ್ಲ. ಆದರೆ ಮಾತು ಅಲ್ಲಿಗೆ ಮುಗಿಯುವುದಿಲ್ಲ. ಶ್ವಾಸನಾಳ ಅನ್ನನಾಳಗಳ ನಡುವೆ ಕೂಡಿಸುವ ಚಿಕ್ಕ ಕವಾಟವೊಂದರಿಂದ ಮರಳಿ ಮಾತನಾಡುವುದು ಸಾಧ್ಯ. ವಿದೇಶದಿಂದ ಬರುವ ಇಂಥ ಸಾಧನ ಬಡವರಿಗೆ ನಿಲುಕದ ಬೆಲೆಯದಾಗಿತ್ತು. ಬೆಂಗಳೂರಿನ ಶಸ್ತ್ರವೈದ್ಯರಾದ ಡಾ. ವಿಶಾಲ ರಾವ್ ಅವರು ೨೦೧೦ರ ದಶಕದಲ್ಲಿ ತಮ್ಮ ಗೆಳೆಯರೊಬ್ಬರೊಡನೆ "ಓಂ" ಎಂಬ ಹೆಸರಿನ, ಸುಮಾರು ಐವತ್ತು ರೂಪಾಯಿಗಳ ಧ್ವನಿಸಾಧನವನ್ನು ರೂಪಿಸಿದ್ದು ಕನ್ನಡ ನಾಡಿಗೆ ಹೆಮ್ಮೆಯ ಸಂಗತಿ. ಕೊರಳ ರಂಧ್ರವುಳ್ಳವರು ಅದನ್ನು ತೆಳುವಾದ ಬಟ್ಟೆಯಿಂದ ಧೂಳಿಗೆ ಮರೆಮಾಡಿಕೊಳ್ಳಬೇಕು. ಕೂಡಲಸಂಗಮದಂಥ ಕ್ಷೇತ್ರಕ್ಕೆ ಹೋದಾಗ ಹೊಳೆಯಲ್ಲಿ ಮುಳುಗು ಹಾಕಲೇಬಾರದು. ನೀರು ನೇರವಾಗಿ ಪುಪ್ಪುಸಕ್ಕೆ ಇಳಿಯುತ್ತದೆ. ದಂಡೆಯಲ್ಲಿ ಕುಳಿತು ಕೈಕಾಲು ತೊಳೆದುಕೊಂಡರೆ ಸಾಕು.

ತೋಳಿನ ಬಾವು

ಸ್ತನದ ಅರ್ಬುದದ ಶಸ್ತ್ರಕ್ರಿಯೆಯಲ್ಲಿ ಕಂಕುಳಿನ ದುಗ್ಧಗ್ರಂಥಿಗಳನ್ನು ತೆಗೆದಾಗ, ತೋಳಿನಿಂದ ಮರಳಿ ಹರಿಯಬೇಕಾದ ದುಗ್ಧರಸಕ್ಕೆ ದಾರಿ ಕಿರಿದಾಗುತ್ತದೆ. ಒಡ್ಡು ಕಟ್ಟಿದ ಹಳ್ಳದಂತೆ ರಸವು ತೋಳಿನಲ್ಲಿಯೇ ನಿಂತು ಬಾವು ಬರುತ್ತದೆ. ಇದು ಶಸ್ತ್ರಕ್ರಿಯೆಯಾದ ಎಷ್ಟೋ ವರ್ಷಗಳ ನಂತರವೂ ಕಾಣಿಸಿಕೊಳ್ಳಬಹುದು. ಬಳೆಗಳು ಬಿಗಿಯಾಗುವುದು, ಕುಪ್ಪಸದ ತೋಳು ಹಿಡಿಯುವುದು, ಕೈ ಭಾರವೆನಿಸುವುದು ಮೊದಲ ಕುರುಹುಗಳು. ಆ ಹಂತದಲ್ಲಿಯೇ ಫಿಜಿಯೋಥೆರಪಿ ತಜ್ಞರನ್ನು ಕಂಡರೆ, ಒತ್ತುಪಟ್ಟಿ, ಒತ್ತುತೋಳು, ಹಗುರವಾದ ನೀವುವಿಕೆ, ವ್ಯಾಯಾಮ, ಚರ್ಮದ ಆರೈಕೆ ಇವುಗಳಿಂದ ಬಾವನ್ನು ಹತೋಟಿಯಲ್ಲಿಡಬಹುದು.

ಆ ಕೈಯಿಂದ ಏನನ್ನೂ ಎತ್ತಬಾರದು ಎಂಬ ಕಟ್ಟಪ್ಪಣೆ ಹಿಂದೆ ಇತ್ತು. ಅಮೇರಿಕೆಯಲ್ಲಿ ಬಾವುಳ್ಳ ೧೪೧ ಮಹಿಳೆಯರ ಮೇಲೆ ನಡೆದು ೨೦೦೯ರಲ್ಲಿ ಪ್ರಕಟವಾದ ಅಧ್ಯಯನವು ಆ ಭಯವನ್ನು ಬಹುಮಟ್ಟಿಗೆ ಕಳೆಯಿತು. ಮೇಲ್ವಿಚಾರಣೆಯಲ್ಲಿ ಕ್ರಮಕ್ರಮವಾಗಿ ಭಾರ ಎತ್ತಿದವರಲ್ಲಿ ಬಾವು ಹೆಚ್ಚಲಿಲ್ಲ. ಅದು ಉಲ್ಬಣಿಸುವ ಪ್ರಸಂಗಗಳು ಕಡಿಮೆಯೇ ಆದವು. ಇಲ್ಲಿ "ಕ್ರಮಕ್ರಮವಾಗಿ" ಎಂಬ ಮಾತನ್ನು ಮರೆಯಬಾರದು. ತಿಂಗಳುಗಟ್ಟಲೆ ಸುಮ್ಮನಿದ್ದು ಒಮ್ಮೆಲೇ ತುಂಬಿದ ಕೊಡವನ್ನು ಎತ್ತುವುದು ಬೇರೆ, ಚಿಕ್ಕ ತಂಬಿಗೆಯಿಂದ ಆರಂಭಿಸಿ ಬಲವನ್ನು ಕೂಡಿಸಿಕೊಳ್ಳುವುದು ಬೇರೆ. ಹೊಲದಲ್ಲಿ ಕಳೆ ತೆಗೆಯುವಾಗ, ಒಲೆಯ ಮುಂದೆ ರೊಟ್ಟಿ ಸುಡುವಾಗ ಆ ಕೈಗೆ ಗಾಯ, ಮುಳ್ಳು, ಸುಟ್ಟ ಬೊಬ್ಬೆ ತಾಗದಂತೆ ನೋಡಿಕೊಳ್ಳಬೇಕು. ಬಾತ ಕೈಗೆ ಬರೆ ಹಾಕಿಸುವ, ಬಲವಾಗಿ ತಿಕ್ಕಿಸುವ ರೂಢಿ ಅತ್ಯಂತ ಅಪಾಯಕರ. ಕೈ ಕೆಂಪಾಗಿ, ಬಿಸಿಯೇರಿ, ಚಳಿಜ್ವರ ಬಂದರೆ ಅದು ಸೋಂಕು. ಅಂದೇ ಆಸ್ಪತ್ರೆಗೆ ಹೋಗಬೇಕು.

ಜೋಮುಗಟ್ಟಿದ ಕೈಕಾಲು

ಸಿಸ್‌ಪ್ಲಾಟಿನ್, ಪ್ಯಾಕ್ಲಿಟ್ಯಾಕ್ಸೆಲ್, ವಿನ್‌ಕ್ರಿಸ್ಟಿನ್ ಮುಂತಾದ ಔಷಧಗಳು ನರಗಳ ತುದಿಗಳನ್ನು ಘಾಸಿಗೊಳಿಸುತ್ತವೆ. ಬೆರಳ ತುದಿಯಲ್ಲಿ ಜುಮುಜುಮು, ಅಂಗಾಲಿನಲ್ಲಿ ಉರಿ, ಹತ್ತಿಯ ಮೇಲೆ ನಡೆದಂಥ ಅನುಭವ ಇದರ ಲಕ್ಷಣ. ಕೆಲವು ಔಷಧಗಳ ವಿಷಯದಲ್ಲಿ ಚಿಕಿತ್ಸೆ ನಿಂತ ಮೇಲೂ ಎರಡು ಮೂರು ತಿಂಗಳು ಇದು ಹೆಚ್ಚುತ್ತ ಹೋಗಿ ಬಳಿಕ ಇಳಿಯತೊಡಗುವುದುಂಟು. ಇಳಕಲ್ಲಿನ ನೇಕಾರನಿಗೆ ಬೆರಳ ತುದಿಯೇ ಕಣ್ಣು. ಸೀರೆಯ ಒಡಲಿಗೂ ಸೆರಗಿಗೂ ಎಳೆ ಎಳೆಯಾಗಿ ಕೊಂಡಿ ಹಾಕುವ ಕೈಗೆ ಸ್ಪರ್ಶವೇ ಇಲ್ಲವಾದರೆ ಕಾಯಕವೇ ನಿಂತಂತೆ. ಆದಕಾರಣ ಚಿಕಿತ್ಸೆ ನಡೆದಿರುವಾಗಲೇ ಅಂಗಿಯ ಗುಂಡಿ ಹಾಕಲು, ಸೂಜಿಗೆ ದಾರ ಪೋಣಿಸಲು ತೊಡಕಾದರೆ ವೈದ್ಯರಿಗೆ ತಿಳಿಸಬೇಕು. ಔಷಧದ ಪ್ರಮಾಣವನ್ನು ಅವರು ಮಾರ್ಪಡಿಸಬಲ್ಲರು. ಉರಿನೋವಿಗೆ ಡುಲೋಕ್ಸೆಟಿನ್ ಎಂಬ ಔಷಧವು ಕೆಲವರಿಗೆ ಗುಣ ಕೊಡುವುದೆಂದು ೨೦೧೩ರಲ್ಲಿ ಪ್ರಕಟವಾದ ಅಧ್ಯಯನವು ತೋರಿಸಿದೆ. ಅದನ್ನು ವೈದ್ಯರ ಸಲಹೆಯಿಲ್ಲದೆ ಕೊಳ್ಳಬಾರದು.

ಬಿಸಿಲುಗಾಲದ ನಮ್ಮ ನೆಲ ಕಾದ ಹೆಂಚಿನಂತಿರುತ್ತದೆ. ಸ್ಪರ್ಶವಿಲ್ಲದ ಕಾಲಿಗೆ ಸುಟ್ಟದ್ದೂ ತಿಳಿಯದು, ಜಾಲಿಮುಳ್ಳು ನೆಟ್ಟದ್ದೂ ತಿಳಿಯದು. ಚಪ್ಪಲಿಯಿಲ್ಲದೆ ನಡೆಯಬಾರದು, ಮಲಗುವ ಮುನ್ನ ಅಂಗಾಲನ್ನು ದೀಪದ ಬೆಳಕಿನಲ್ಲಿ ಯಾರಾದರೂ ನೋಡಬೇಕು, ಸ್ನಾನದ ನೀರಿನ ಬಿಸಿಯನ್ನು ಮೊಣಕೈಯಿಂದ ಪರೀಕ್ಷಿಸಬೇಕು. ಗುಡಿಯಲ್ಲಿಯೂ ಮಠದಲ್ಲಿಯೂ ಪಾದರಕ್ಷೆ ಬಿಡಬೇಕಾದಲ್ಲಿ ದಪ್ಪ ಕಾಲುಚೀಲ ಒಳ್ಳೆಯದು.

ಆರದ ದಣಿವು

ದುಡಿದ ದಣಿವು ನಿದ್ರೆಯಿಂದ ಆರುತ್ತದೆ. ಚಿಕಿತ್ಸೆಯ ದಣಿವು ಹಾಗಲ್ಲ. ನೋಡಿದವರು ಇದನ್ನು ಸೋಮಾರಿತನವೆಂದು ಬಗೆಯುತ್ತಾರೆ. ರೋಗಿಯೂ ತನ್ನನ್ನೇ ಹಳಿದುಕೊಳ್ಳುತ್ತಾನೆ. ಮೊದಲು ರಕ್ತಹೀನತೆ ಇದೆಯೋ ಎಂದು ಪರೀಕ್ಷಿಸಬೇಕು. ಕೊರಳಿಗೆ ವಿಕಿರಣ ಪಡೆದವರಲ್ಲಿ ಥೈರಾಯಿಡ್ ಗ್ರಂಥಿ ಮೆಲ್ಲಮೆಲ್ಲನೆ ಸೊರಗುವುದರಿಂದ ಆರು ತಿಂಗಳಿಗೋ ವರ್ಷಕ್ಕೋ ಒಮ್ಮೆ ಅದರ ರಕ್ತಪರೀಕ್ಷೆ ಅವಶ್ಯ. ಕೊರತೆ ಕಂಡರೆ ನಿತ್ಯದ ಒಂದು ಗುಳಿಗೆಯಿಂದ ಸರಿಹೋಗುತ್ತದೆ. ನಡುಮಧ್ಯೆ ಏದುಸಿರು, ಕಾಲುಬಾವು ಕಂಡರೆ ಹೃದಯದ ಪರೀಕ್ಷೆಯೂ ಬೇಕು. ಇಂಥ ಕಾರಣಗಳಿಲ್ಲದ ದಣಿವಿಗೆ ಮಂಚದ ವಿಶ್ರಾಂತಿಗಿಂತ ನಡಿಗೆಯೇ ಮದ್ದು. ವಾರಕ್ಕೆ ಮೂರು ಬಾರಿ, ಪ್ರತಿಸಲ ಅರ್ಧ ಗಂಟೆಯ ಮಧ್ಯಮ ವ್ಯಾಯಾಮವು ದಣಿವನ್ನು ತಗ್ಗಿಸುವುದೆಂದು ಅನೇಕ ದೇಶಗಳ ತಜ್ಞರು ಕೂಡಿ ೨೦೧೯ರಲ್ಲಿ ಪ್ರಕಟಿಸಿದ ಸಲಹೆಯಲ್ಲಿ ತಿಳಿಸಿದ್ದಾರೆ. ಐದು ನಿಮಿಷಗಳಿಂದ ಆರಂಭಿಸಿ, ಬೆಳಗಿನ ತಂಪಿನಲ್ಲಿ ಇದನ್ನು ಬೆಳೆಸಿಕೊಳ್ಳಬಹುದು.

ಹೇಳಲು ಸಂಕೋಚಪಡುವ ತೊಂದರೆಗಳು

ಗರ್ಭಕೋಶದ ಕೊರಳಿನ ಅರ್ಬುದಕ್ಕೆ ವಿಕಿರಣ ಪಡೆದ ತಾಯಂದಿರು ನಮ್ಮ ಹಳ್ಳಿಗಳಲ್ಲಿ ಅನೇಕರಿದ್ದಾರೆ. ಯೋನಿಮಾರ್ಗ ಕಿರಿದಾಗಿ ಒಣಗುವುದು, ದಾಂಪತ್ಯದಲ್ಲಿ ನೋವು, ಮೂತ್ರ ತಡೆಯಲಾರದಿರುವುದು, ಮೇಲಿಂದ ಮೇಲೆ ಭೇದಿ, ಪ್ರಾಯದಲ್ಲಿಯೇ ಮುಟ್ಟು ನಿಲ್ಲುವುದು ಇವು ಅವರಿಗೆ ಒದಗುವ ತೊಂದರೆಗಳು. ಇವನ್ನು ಅತ್ತೆಯ ಮುಂದಾಗಲಿ ಗಂಡನ ಮುಂದಾಗಲಿ ಹೇಳಲಾರದೆ ಎಷ್ಟೋ ಸಂಸಾರಗಳು ಒಳಗೊಳಗೇ ಬಿರಿಯುತ್ತವೆ. ಮಾರ್ಗವನ್ನು ಹಿಗ್ಗಿಸುವ ಸರಳ ಸಾಧನ, ಜಾರುಲೇಪ, ಕಿಬ್ಬೊಟ್ಟೆಯ ತಳದ ಸ್ನಾಯುಗಳ ವ್ಯಾಯಾಮ ಇವುಗಳಿಂದ ಬಹಳಷ್ಟು ನೆಮ್ಮದಿ ದೊರೆಯುತ್ತದೆ. ಸ್ತ್ರೀವೈದ್ಯರ ಮುಂದೆ ಬಾಯಿಬಿಟ್ಟು ಹೇಳುವುದೊಂದೇ ಬೇಕಾದದ್ದು. ಮಲದಲ್ಲಿ ಮೂತ್ರದಲ್ಲಿ ರಕ್ತ ಕಂಡರೆ, ಅದು ವಿಕಿರಣದ ತಡವಾದ ಪರಿಣಾಮವೂ ಆಗಿರಬಹುದು, ಬೇರೆಯೂ ಆಗಿರಬಹುದು, ಪರೀಕ್ಷಿಸದೆ ಬಿಡಬಾರದು.

ಶಾಲೆಗೆ ಮರಳಿದ ಮಗು

ಶಿಕ್ಷಕ ಬಂಧುಗಳು ಇದನ್ನು ವಿಶೇಷವಾಗಿ ಗಮನಿಸಬೇಕು. ರಕ್ತದ ಅರ್ಬುದವುಳ್ಳ ಮಕ್ಕಳಲ್ಲಿ ಬಹುಮಂದಿ ಸರಿಯಾದ ಚಿಕಿತ್ಸೆಯಿಂದ ಇಂದು ಗುಣಹೊಂದಿ ತರಗತಿಗೆ ಮರಳುತ್ತಾರೆ. ಹಾಗೆ ಮರಳಿದ ಮಗುವಿಗೆ ಗಮನ ನಿಲ್ಲಿಸುವುದು, ಬರೆಯುವ ವೇಗ, ಲೆಕ್ಕ ಇವುಗಳಲ್ಲಿ ಹಿನ್ನಡೆಯಾಗಬಹುದು. ಸಿಸ್‌ಪ್ಲಾಟಿನ್ ಪಡೆದ ಮಗುವಿಗೆ ಮೇಲುಸ್ತರದ ಧ್ವನಿಗಳು ಕೇಳಿಸದಿರಬಹುದು. "ಸ", "ಶ" ಅಕ್ಷರಗಳನ್ನು ಉಕ್ತಲೇಖನದಲ್ಲಿ ತಪ್ಪುವ ಹುಡುಗನನ್ನು ದಡ್ಡನೆನ್ನುವ ಮೊದಲು ಕಿವಿಯ ಪರೀಕ್ಷೆಯಾಗಬೇಕು. ಮುಂದಿನ ಸಾಲಿನಲ್ಲಿ ಕೂಡಿಸುವುದು, ಪರೀಕ್ಷೆಯಲ್ಲಿ ಹೆಚ್ಚಿನ ವೇಳೆ ಕೊಡುವುದು, ಮೂತ್ರಕ್ಕೂ ನೀರಿಗೂ ಕೇಳದೆ ಎದ್ದುಹೋಗಲು ಬಿಡುವುದು ಖರ್ಚಿಲ್ಲದ ಉಪಕಾರಗಳು. ಅರ್ಬುದವು ಅಂಟುಜಾಡ್ಯವಲ್ಲ, ಜೊತೆಯಲ್ಲಿ ಕುಳಿತು ಉಂಡರೆ, ಆಡಿದರೆ ಹತ್ತದು. ಈ ಮಾತನ್ನು ತರಗತಿಯಲ್ಲಿ ಸ್ಪಷ್ಟವಾಗಿ ಹೇಳುವುದು ಗುರುವಿನ ಧರ್ಮ.

ಯಾವಾಗ ತಡಮಾಡಬಾರದು?

ಮೂರು ವಾರಗಳಾದರೂ ಮಾಯದ ಹುಣ್ಣು, ಹೊಸ ಗಂಟು, ಕಾರಣವಿಲ್ಲದೆ ತೂಕ ಇಳಿಯುವುದು, ನುಂಗಲು ಹೆಚ್ಚುತ್ತಿರುವ ತೊಂದರೆ, ಉಸಿರು ಹತ್ತುವುದು, ಬೆನ್ನುನೋವಿನೊಡನೆ ಕಾಲು ಬಲಗುಂದುವುದು ಇವು ಕಂಡರೆ ಮುಂದಿನ ತಪಾಸಣೆಯ ತಾರೀಖನ್ನು ಕಾಯಬಾರದು. ಕೀಮೋ ನಡೆದಿರುವವರಿಗೆ ನೂರು ಡಿಗ್ರಿ ಮೀರಿದ ಜ್ವರ ಬಂದರೆ ಕೆಲವು ಗಂಟೆಗಳ ವಿಳಂಬವೂ ಪ್ರಾಣಾಪಾಯಕ್ಕೆ ದಾರಿ. ಯಾವ ಔಷಧ, ಎಷ್ಟು ಸಲ, ಶರೀರದ ಯಾವ ಭಾಗಕ್ಕೆ ಎಷ್ಟು ವಿಕಿರಣ ಎಂಬುದನ್ನು ಬರೆದ ಕಾಗದಗಳನ್ನು ಒಂದು ಚೀಲದಲ್ಲಿ ಜೋಪಾನವಾಗಿಟ್ಟು, ಯಾವ ವೈದ್ಯರಲ್ಲಿಗೆ ಹೋದರೂ ಒಯ್ಯಬೇಕು. ಇಪ್ಪತ್ತು ವರ್ಷಗಳ ನಂತರವೂ ಅವು ಬೇಕಾಗುತ್ತವೆ.

ಸಮಾಜದ ಹೊಣೆ

ಚಿಕಿತ್ಸೆಗೆ ಸರ್ಕಾರದ ಆರೋಗ್ಯ ಯೋಜನೆಗಳ ನೆರವು ದೊರೆಯುತ್ತದೆ. ಆದರೆ ಒತ್ತುತೋಳು, ಮೆತ್ತನೆಯ ಪಾದರಕ್ಷೆ, ಪುಷ್ಟಿಯ ಆಹಾರ, ಮೇಲಿಂದ ಮೇಲಿನ ಪ್ರಯಾಣ ಇವುಗಳ ಭಾರವು ಹೆಚ್ಚಾಗಿ ಕುಟುಂಬದ ಮೇಲೆಯೇ ಬೀಳುತ್ತದೆ. ವಿದ್ಯಾಗಿರಿಯ ನೆರೆಯ ನವನಗರದಲ್ಲಿ ಹಾನಗಲ್ ಶ್ರೀ ಕುಮಾರೇಶ್ವರ ಆಸ್ಪತ್ರೆಯಿದೆ. ದಂತವೈದ್ಯರೂ ಫಿಜಿಯೋಥೆರಪಿ ತಜ್ಞರೂ ಇಂದು ನಮಗೆ ದೂರದವರಲ್ಲ. ಕಟ್ಟಡಗಳಿಗೆ ಉದಾರವಾಗಿ ಕೊಡುವ ದಾನಿಗಳು ಇಂಥ ಚಿಕ್ಕಪುಟ್ಟ ಸಾಧನಗಳತ್ತಲೂ ಕಣ್ಣು ಹಾಯಿಸಬಹುದು. ವೈದ್ಯರಾದ ಹಳೆಯ ವಿದ್ಯಾರ್ಥಿಗಳು ತಿಂಗಳಿಗೊಂದು ದಿನವನ್ನು ಇದಕ್ಕಾಗಿ ಮೀಸಲಿಡಬಹುದು.

ಎಲ್ಲಕ್ಕೂ ಮಿಗಿಲಾದದ್ದು ಇನ್ನೊಂದುಂಟು. ಬಾಯಿ ತೆರೆಯಲಾರದವನು, ಬೇಗ ನುಂಗಲಾರದವನು ಮದುವೆ ಮುಂಜಿವೆಗಳಿಗೂ ಜಾತ್ರೆಯ ಪ್ರಸಾದಕ್ಕೂ ಬರುವುದನ್ನೇ ಬಿಡುತ್ತಾನೆ. ಪಂಕ್ತಿಯವರೆಲ್ಲ ಎದ್ದ ಮೇಲೂ ತಾನೊಬ್ಬನೇ ಕುಳಿತಿರಬೇಕಲ್ಲ ಎಂಬ ನಾಚಿಕೆ ಅವನದು. ದಾಸೋಹದ ಸಾಲಿನಲ್ಲಿ ಖಾರವಿಲ್ಲದ ಒಂದು ಪಾತ್ರೆ ನುಚ್ಚನ್ನೋ ಗಂಜಿಯನ್ನೋ ಇಟ್ಟು, ಅವನು ಉಂಡು ಮುಗಿಸುವವರೆಗೆ ಪಕ್ಕದಲ್ಲಿ ಒಬ್ಬರು ಕುಳಿತಿದ್ದರೆ ಅವನು ಮುಂದಿನ ಸಲ ತಾನಾಗಿಯೇ ಬರುತ್ತಾನೆ. ಗುಣವಾಗಿ ಬಂದವರನ್ನು "ಆರಾಮೇ?" ಎಂದು ಕೇಳಿ ಮುಂದೆ ಸಾಗದೆ, "ಊಟ ಸೇರುತ್ತದೆಯೇ? ಕೈ ಬಾಯುತ್ತಿದೆಯೇ? ನಿದ್ದೆ ಬರುತ್ತದೆಯೇ?" ಎಂದು ಇನ್ನೆರಡು ಮಾತು ಕೇಳುವುದನ್ನು ನಾವೆಲ್ಲರೂ ರೂಢಿಸಿಕೊಳ್ಳೋಣ. ಹೇಳಿಕೊಂಡ ತೊಂದರೆಗೆ ಪರಿಹಾರವನ್ನು ಹುಡುಕಬಹುದು.